ಝೀರೋ ಬಿಲ್ ಯಾರದ್ದು?

ಬಾಡಿಗೆ ಮನೆ ಬದಲಿಸುವಾಗ ಕೆಲವು ನಮ್ಮ ಜೊತೆ ಬರುತ್ತವೆ, ಕೆಲವು ಗೋಡೆಯಲ್ಲೇ ಉಳಿಯುತ್ತವೆ. ಗ್ಯಾಸ್ ಕನೆಕ್ಷನ್ ಮನುಷ್ಯನದ್ದು. ಊರು ಬಿಟ್ಟರೂ ಟ್ರಾನ್ಸ್‌ಫರ್ ಮಾಡಿಸಿಕೊಳ್ಳಬಹುದು. ಕರೆಂಟ್ ಮನೆಯದ್ದು. ಮೀಟರ್ರು, ಆರ್‌ಆರ್ ನಂಬರ್ರು ಅಲ್ಲೇ ಇರುತ್ತವೆ, ಬಾಡಿಗೆಯವರು ಬಂದು ಹೋಗ್ತಿರ್ತಾರೆ.

2023ರ ಜುಲೈ ತಿಂಗಳ ಬಳಕೆಯಿಂದ ಜಾರಿಯಾದ ಗೃಹಜ್ಯೋತಿ ಮನುಷ್ಯನನ್ನೂ ಮೀಟರನ್ನೂ ಗಂಟು ಹಾಕಿತು. ಆ ಮನೆಯ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ, 200 ಯೂನಿಟ್ ಮಿತಿಯೊಳಗೆ, ಅಷ್ಟು ಕರೆಂಟ್ ಉಚಿತ. ಬಾಡಿಗೆಯವರಿಗೂ ಸಿಗುತ್ತೆ. ಆದರೆ ಒಂದು ಆಧಾರ್‌ಗೆ ಒಂದೇ ಆರ್‌ಆರ್ ನಂಬರ್. ಹಳೇ ಮನೆಯದ್ದನ್ನು ಸೇವಾ ಸಿಂಧುವಿನಲ್ಲಿ ಡಿಲಿಂಕ್ ಮಾಡಿದ ಮೇಲೇ ಹೊಸ ಮನೆಗೆ ಅರ್ಜಿ.

ನಾನು ಬೆಂಗಳೂರಿನ ಈ ಮನೆಗೆ ಬಂದಾಗ ಮೊದಲ ಬಿಲ್ಲೇ ಸೊನ್ನೆ. ಅರ್ಜಿ ಹಾಕೇ ಇರಲಿಲ್ಲ. ಹಿಂದಿದ್ದವರ ಆಧಾರ್ ಇನ್ನೂ ಅಲ್ಲೇ ಕೂತಿತ್ತು. ಓನರ್ ಅಂಕಲ್ ನಕ್ಕು, "ಇರ್ಲಿ ಬಿಡಪ್ಪ, ಯಾರ ಹೆಸರಲ್ಲಾದ್ರೇನು, ಝೀರೋ ತಾನೇ?" ಅಂದರು.

ಅವರ ಮಾತಲ್ಲಿ ತರ್ಕವಿದೆ. ನಾನೇ ಅರ್ಜಿ ಹಾಕಿದ್ದರೂ ಸೊನ್ನೆಯೇ ಬರುತ್ತಿತ್ತು. ನಾನು ಅರ್ಹ, ಸುಳ್ಳೂ ಹೇಳಿಲ್ಲ. ಹಾಗಾದರೆ ನಷ್ಟ ಯಾರಿಗೆ? ಈ ಪ್ರಶ್ನೆಗೆ ಉತ್ತರ ಕಾಣದಿರುವುದಕ್ಕೆ ಒಂದೇ ಕಾರಣ: ನಷ್ಟ ಆಗುತ್ತಿರುವವರು ಬೇರೆ ಊರಲ್ಲಿ, ಬೇರೆ ಮೀಟರಿನ ಕೆಳಗೆ ಇದ್ದಾರೆ.

ಡಿಲಿಂಕ್ ಮಾಡೋದು ಅವರ ಕೆಲಸ, ಮರೆತರೆ ನಾನ್ಯಾಕೆ ತಲೆ ಕೆಡಿಸಿಕೊಳ್ಳಲಿ ಅಂತಲೂ ಕೇಳಬಹುದು. ಅವರ ಮರೆವಿಗೆ ನಾನು ಹೊಣೆ ಅಲ್ಲ, ನಿಜ. ಆದರೆ ಅವರಿಗೆ ಗೊತ್ತಿಲ್ಲದ ಒಂದು ವಿಷಯ ಬಿಲ್ಲಿನ ಮೂಲಕ ನನಗೆ ಗೊತ್ತಾಗಿದೆ, ಅವರಿಗೆ ಗೊತ್ತಿಲ್ಲ ಅನ್ನೋದೇ ನನಗೆ ಪ್ರತಿ ತಿಂಗಳು ಲಾಭ ತರ್ತಿದೆ. ಲಾಭ ಇಲ್ಲದಿದ್ದರೆ ನನ್ನ ಮೌನ ಬರೀ ಸೋಮಾರಿತನ. ಲಾಭ ಇದ್ದಾಗ ಅದಕ್ಕೆ ಬೇರೆ ಹೆಸರಿದೆ.

ಅಂಕಲ್ ಹತ್ರ ನಂಬರ್ ಇಸ್ಕೊಂಡು ಫೋನ್ ಮಾಡಿದೆ. ಅವರು ಹಾಸನದಲ್ಲಿ ಮನೆ ಮಾಡಿ, ಎರಡು ತಿಂಗಳಿಂದ ಪೂರ್ತಿ ಬಿಲ್ ಕಟ್ಟುತ್ತಿದ್ದರು. "ಅದು ಒಂದ್ಸಲ ಮಾತ್ರ ಸಿಗೋದು ಅನ್ಕೊಂಡಿದ್ದೆ ಕಣ್ರೀ," ಅಂದರು. ಅವತ್ತೇ ಡಿಲಿಂಕ್ ಆಯ್ತು. ನನ್ನ ಅರ್ಜಿ ಜಾರಿಗೆ ಬರುವ ಹೊತ್ತಿಗೆ ನಾನು ಒಂದು ಬಿಲ್ ಪೂರ್ತಿ ಕಟ್ಟಬೇಕಾಯಿತು. ಅಂಕಲ್‌ಗೆ ಈಗಲೂ ಅದು ತಮಾಷೆ.

ನಮ್ಮಂಥ ಸಂಬಳದವರಿಗೆ ಕರೆಂಟ್ ಬಿಲ್ ಅಂದರೆ ಒಂದು ವೀಕೆಂಡಿನ ಬಿರಿಯಾನಿ ಆರ್ಡರ್ ಇರಬಹುದು. ಅದಕ್ಕೇ "ಅಷ್ಟು ಚಿಕ್ಕ ವಿಷಯ" ಅಂತ ಬಾಯಿಗೆ ಬರುತ್ತೆ. ಚಿಕ್ಕದು ಅನ್ನುವ ಹಕ್ಕು ಕಳ್ಕೊಂಡವರಿಗಿದೆ, ಸಿಕ್ಕವರಿಗಿಲ್ಲ. 11 ತಿಂಗಳ ಅಗ್ರಿಮೆಂಟಿನ ಈ ಊರಲ್ಲಿ ನಮಗಿಂತ ಮುಂಚೆ ಇದ್ದವರನ್ನಾಗಲಿ, ಆಮೇಲೆ ಬರುವವರನ್ನಾಗಲಿ ನಾವು ನೋಡೋದೇ ಕಮ್ಮಿ. ಆದರೂ ಒಂದೇ ಮೀಟರಿನ ಲೆಕ್ಕದಲ್ಲಿ ಇದ್ದೀವಿ. ಹೊಸ ಮನೆಗೆ ಹೋದ ವಾರ ವೈಫೈ, ನೀರಿನ ಕ್ಯಾನ್, ಗ್ಯಾಸ್ ಅಂತ ಓಡಾಡ್ತೀವಲ್ಲ, ಆ ಪಟ್ಟಿಯಲ್ಲಿ ಇದೊಂದು ಫೋನ್ ಕಾಲೂ ಇರಲಿ.