ಕೊನೆಯ ಮೈಲಿಯಲ್ಲಿ ಸೇರಿದವರು

ವಾಕ್ಯಭಾಗ: ಮತ್ತಾಯ 20:1-16, ಅಪೊಸ್ತಲರ ಕೃತ್ಯಗಳು 5:1-11

  

ಕಳೆದ ವಾರ ನಾವು ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮ್ಯವನ್ನು ಧ್ಯಾನಿಸಿದೆವು. ಆರಾಧನೆ ಮುಗಿದ ಮೇಲೆ ಒಬ್ಬ ಯೌವನಸ್ಥ ಸಹೋದರ ಬಂದು ಕೇಳಿದರು: "ಪಾಸ್ಟರ್, ಬೆಳಿಗ್ಗೆಯಿಂದ ಬಿಸಿಲಲ್ಲಿ ದುಡಿದವನಿಗೂ ಸಾಯಂಕಾಲ ಒಂದು ತಾಸು ದುಡಿದವನಿಗೂ ಒಂದೇ ಕೂಲಿ ಅಂದ್ರೆ, ಮ್ಯಾರಥಾನ್‌ನಲ್ಲಿ ಕೊನೇ ಮೈಲಿಗೆ ನುಗ್ಗಿ ಮೆಡಲ್ ತಗೊಂಡ ಹಾಗಾಯ್ತಲ್ಲ? ಅಲ್ಲಿ ಅದನ್ನ ಮೋಸ ಅಂತೀವಿ, ಇಲ್ಲಿ ಕೃಪೆ ಅಂತೀವಿ. ಏನು ವ್ಯತ್ಯಾಸ?"

ಪ್ರಿಯರೇ, ಇದು ಒಳ್ಳೇ ಪ್ರಶ್ನೆ. ತಳ್ಳಿಹಾಕೋ ಪ್ರಶ್ನೆ ಅಲ್ಲ. ಯಾಕಂದ್ರೆ ನಿಜವಾಗಿಯೂ ಹಾಗೆ ಮಾಡಿದವರು ಒಬ್ಬರಿದ್ದಾರೆ. ಅವರ ಕಥೆಯನ್ನು ಇವತ್ತು ವಾಕ್ಯದ ಪಕ್ಕದಲ್ಲಿ ಇಟ್ಟು ನೋಡೋಣ.

ಅಮೆರಿಕದ ಬಾಸ್ಟನ್ ನಗರದಲ್ಲಿ ಪ್ರತಿ ವರ್ಷ ಏಪ್ರಿಲ್ ತಿಂಗಳ ಮೂರನೇ ಸೋಮವಾರ ಒಂದು ಮ್ಯಾರಥಾನ್ ನಡೆಯುತ್ತದೆ. ಶುರುವಾದದ್ದು 1897ರಲ್ಲಿ. ಆಗ ಓಡೋಕೆ ನಿಂತವರು ಬರೀ 15 ಜನ. ಈಗ ಸುಮಾರು 30,000 ಜನ ಓಡ್ತಾರೆ. ಹಾಪ್‌ಕಿಂಟನ್ ಎಂಬ ಸಣ್ಣ ಊರಿನಲ್ಲಿ ಆರಂಭ, ಬಾಸ್ಟನ್ನಿನ ಬಾಯಿಲ್‌ಸ್ಟನ್ ಬೀದಿಯಲ್ಲಿ ಕೊನೆ. 42.195 ಕಿಲೋಮೀಟರ್ ದಾರಿ. ಆ ದಿನ ಅಲ್ಲಿ ಸರ್ಕಾರಿ ರಜೆ. ರಸ್ತೆಯ ಎರಡೂ ಕಡೆ ಲಕ್ಷಾಂತರ ಜನ ನಿಲ್ಲುತ್ತಾರೆ. ಮಕ್ಕಳು ಕಿತ್ತಳೆ ಹಣ್ಣಿನ ಹೋಳು ಹಿಡಿದು ಕೈ ಚಾಚುತ್ತಾರೆ. ಅರ್ಧ ದಾರಿಯಲ್ಲಿ ವೆಲ್ಸ್‌ಲಿ ಮಹಿಳಾ ಕಾಲೇಜು ಸಿಗುತ್ತದೆ. ಅಲ್ಲಿನ ವಿದ್ಯಾರ್ಥಿನಿಯರು ಕೂಗುವ ಕೂಗು ದೂರಕ್ಕೇ ಕೇಳಿಸುತ್ತದಂತೆ. ಆಮೇಲೆ ನ್ಯೂಟನ್‌ನ ಏರುಗಳು. ಕಡೇ ಏರಿಗೆ ಹಾರ್ಟ್‌ಬ್ರೇಕ್ ಹಿಲ್ ಅಂತ ಹೆಸರು, ಎದೆ ಒಡೆಯುವ ಗುಡ್ಡ. ಗುರಿಯ ಗೆರೆಯ ಪಕ್ಕದಲ್ಲೇ ಓಲ್ಡ್ ಸೌತ್ ಚರ್ಚ್ ಇದೆ. ಓಟದ ಹಿಂದಿನ ಭಾನುವಾರ ಆ ಸಭೆಯವರು ಓಟಗಾರರನ್ನು ಕರೆದು ಪ್ರಾರ್ಥಿಸಿ ಆಶೀರ್ವದಿಸುತ್ತಾರೆ.

ಒಂದು ನಗರ ಒಂದು ದಿನದ ಓಟಕ್ಕೆ ಯಾಕೆ ಇಷ್ಟು ಬೆಲೆ ಕೊಡಬೇಕು? ನನಗೆ ಕಾಣುವುದು ಇದು. ದಾರಿ ಬದಿ ನಿಂತವನಿಗೆ ಓಡುವವನು ಯಾರೂ ಅಲ್ಲ. ಆದ್ರೂ ಅವನು ನೀರು ಕೊಡ್ತಾನೆ, ಗಂಟಲು ಹರಿಯುವ ಹಾಗೆ ಕೂಗಿ ಹುರಿದುಂಬಿಸ್ತಾನೆ. ಯಾಕೆ? "ಇವನು ಹಾಪ್‌ಕಿಂಟನ್‌ನಿಂದ ಕಾಲಲ್ಲಿ ಓಡಿಯೇ ಬಂದಿದ್ದಾನೆ" ಎಂದು ನಂಬುತ್ತಾನೆ. ಆ ಊರಿನವರೆಲ್ಲ ಒಂದು ದಿನದ ಮಟ್ಟಿಗೆ ಅಪರಿಚಿತರಿಗೆ ಸಾಕ್ಷಿಗಳಾಗುತ್ತಾರೆ. ಆ ಹಬ್ಬ ನಿಂತಿರೋದೇ ಈ ನಂಬಿಕೆಯ ಮೇಲೆ. ಇಬ್ರಿಯ ಪತ್ರಿಕೆ 12ನೇ ಅಧ್ಯಾಯದಲ್ಲಿ ಓಟದ ಸುತ್ತ ಮೇಘದಂತೆ ಸಾಕ್ಷಿಗಳಿರುವ ಚಿತ್ರ ಇದೆ ಅಲ್ವಾ? ಹಾಗೆ.

ಈಗ 1980ನೇ ಇಸವಿ ಏಪ್ರಿಲ್ 21ಕ್ಕೆ ಬನ್ನಿ. ಹೆಂಗಸರಲ್ಲಿ ಮೊದಲು ಗುರಿ ಮುಟ್ಟಿದವರು ರೋಸಿ ರೂಯಿಸ್. ಸಮಯ 2 ಗಂಟೆ 31 ನಿಮಿಷ 56 ಸೆಕೆಂಡ್. ಎಲೆಗಳ ಕಿರೀಟ ತಲೆಗೆ ಬಂತು, ಪದಕ ಕೊರಳಿಗೆ ಬಂತು, ಕ್ಯಾಮೆರಾಗಳು ಸುತ್ತಿಕೊಂಡವು. ಆದರೆ ಅವರ ಮೈಯಲ್ಲಿ ಅಷ್ಟು ಬೆವರಿಲ್ಲ. ತರಬೇತಿ ಬಗ್ಗೆ ಕೇಳಿದರೆ ಸರಿಯಾಗಿ ಉತ್ತರ ಇಲ್ಲ. ಗಂಡಸರಲ್ಲಿ ಗೆದ್ದ ಬಿಲ್ ರಾಜರ್ಸ್‌ಗೇ ಅನುಮಾನ ಬಂತು. ದಾರಿಯುದ್ದಕ್ಕೂ ಓಟಗಾರರನ್ನು ಗುರುತು ಹಾಕಿಕೊಳ್ಳುತ್ತಿದ್ದವರಲ್ಲಿ ಯಾರೂ ಅವರನ್ನು ನೋಡಿರಲಿಲ್ಲ. ಗುರಿಗೆ ಒಂದು ಮೈಲಿಯೂ ಇಲ್ಲದ ಜಾಗದಲ್ಲಿ ಅವರು ಜನರ ಗುಂಪಿನಿಂದ ರಸ್ತೆಗೆ ನುಗ್ಗಿದ್ದನ್ನು ಕಂಡೆವು ಅಂತ ಇಬ್ಬರು ವಿದ್ಯಾರ್ಥಿಗಳು ಹೇಳಿದರು. ಎಂಟು ದಿನಗಳ ನಂತರ ಆ ಗೆಲುವನ್ನು ರದ್ದು ಮಾಡಿದರು.

ನಿಜವಾಗಿ ಗೆದ್ದವರು ಕೆನಡಾದ ಜಾಕ್ಲೀನ್ ಗಾರೋ, 2 ಗಂಟೆ 34 ನಿಮಿಷ 28 ಸೆಕೆಂಡ್. ದಾರಿಯಲ್ಲಿ ಜನ ಅವರಿಗೆ "ನೀನೇ ಮೊದಲು" ಅಂತ ಕೂಗ್ತಾ ಇದ್ದರು. ಗುರಿ ಮುಟ್ಟಿ ನೋಡಿದರೆ ಕಿರೀಟ ಬೇರೊಬ್ಬರ ತಲೆಯ ಮೇಲೆ. ಅಮೇಲೆ ಕರೆದು ಪದಕ ಕೊಟ್ಟರು, ನಿಜ. ಆದರೆ ಆ ಸೋಮವಾರ ಮಧ್ಯಾಹ್ನದ ಆ ಗಳಿಗೆ? ಅದನ್ನು ಯಾರು ವಾಪಸ್ ಕೊಡ್ತಾರೆ? 25 ವರ್ಷ ಆದ ಮೇಲೆ, 2005ರಲ್ಲಿ, ಆ ಓಟದವರು ಗಾರೋ ಅವರನ್ನು ಗ್ರ್ಯಾಂಡ್ ಮಾರ್ಷಲ್ ಆಗಿ ಕರೆದು ಗೌರವಿಸಿದರು. ತನ್ನ ಸಾಲ ಪೂರಾ ತೀರಿಲ್ಲ ಅಂತ ಆ ನಗರಕ್ಕೇ ಗೊತ್ತಿತ್ತು ಅನಿಸುತ್ತೆ.

ಸರಿ. ಈಗ ಪ್ರಶ್ನೆಗೆ ಬರೋಣ. ದ್ರಾಕ್ಷಿತೋಟಕ್ಕೆ ಕಡೇ ತಾಸಿನಲ್ಲಿ ಬಂದವನೂ ಕೊನೇ ಮೈಲಿಯಲ್ಲೇ ಸೇರಿದವನು. ಶಿಲುಬೆಯ ಮೇಲಿದ್ದ ಕಳ್ಳನಂತೂ ಕೊನೇ ಹೆಜ್ಜೆಯಲ್ಲಿ ಸೇರಿದವನು. ಸಭೆಗೆ ಬರಲಿಲ್ಲ, ದೀಕ್ಷಾಸ್ನಾನ ಆಗಲಿಲ್ಲ, ದಶಮಾಂಶ ಕೊಡಲಿಲ್ಲ. ಯೇಸು ಅವನಿಗೆ ಅದೇ ದಿನ ಪರದೈಸನ್ನು ವಾಗ್ದಾನ ಮಾಡಿದರು. ಇದು ಮೋಸ ಅಲ್ಲ ಅಂತ ಹೇಗೆ ಹೇಳ್ತೀರಿ?

ಸಾಮ್ಯವನ್ನು ಗಮನಿಸಿ ಓದಿ. ಕಡೇ ತಾಸಿನವನು "ನಾನು ಬೆಳಿಗ್ಗೆಯೇ ಬಂದೆ" ಅನ್ನಲಿಲ್ಲ. ಅವನನ್ನು ಯಾವಾಗ ಕರೆದದ್ದು ಅಂತ ಯಜಮಾನನಿಗೆ ಗೊತ್ತು, ಮೇಸ್ತ್ರಿಗೆ ಗೊತ್ತು, ಜೊತೆಯವರಿಗೆಲ್ಲ ಗೊತ್ತು. ಕೂಲಿ ಕೊಟ್ಟದ್ದೂ ಎಲ್ಲರ ಕಣ್ಣೆದುರಿಗೆ, ಅದೂ ಅವರಿಂದಲೇ ಶುರುಮಾಡಿ. ಕಳ್ಳನೂ ಹಾಗೇ. ತನಗೆ ಬಂದ ಶಿಕ್ಷೆ ನ್ಯಾಯವಾದದ್ದೇ ಅಂತ ಮೊದಲು ಒಪ್ಪಿಕೊಂಡ, ಆಮೇಲೆ ಬೇಡಿಕೊಂಡ. ಇವರು ತೆಗೆದುಕೊಂಡದ್ದು ದಾನ, ದಾನ ಅಂತಲೇ ತೆಗೆದುಕೊಂಡರು. ರೂಯಿಸ್ ಕಿರೀಟವನ್ನು ದಾನವಾಗಿ ಕೇಳಲಿಲ್ಲ. ಓಡದ ದಾರಿಯನ್ನು ಓಡಿದ್ದೇನೆ ಅಂತ ಹೇಳಿ, ಕೂಲಿಯಾಗಿ ತೆಗೆದುಕೊಂಡರು. ವ್ಯತ್ಯಾಸ ದೂರದಲ್ಲಿ ಇಲ್ಲ, ಪ್ರಿಯರೇ. ಬಾಯಿಯ ಮಾತಿನಲ್ಲಿದೆ. ತಡವಾಗಿ ಬಂದವನನ್ನು ಕೃಪೆ ಓಡಿಸೋದಿಲ್ಲ. ಎಲ್ಲಿ ಸೇರಿದೆ ಅನ್ನೋದನ್ನ ನಿಜ ಹೇಳು ಅನ್ನುತ್ತದೆ, ಅಷ್ಟೇ.

ಅನನೀಯ ಸಪ್ಫೈರರನ್ನು ನೋಡಿ. ಒಂದು ಭಾಗ ಕೊಟ್ಟದ್ದು ಪಾಪವಾ? ಇಲ್ಲ. ಹೊಲ ನಿಮ್ಮದೇ ಆಗಿತ್ತು, ಮಾರಿದ ಹಣವೂ ನಿಮ್ಮ ಕೈಯಲ್ಲೇ ಇತ್ತು ಅಂತ ಪೇತ್ರನೇ ಹೇಳಿದ. ಒಂದು ಭಾಗ ಕೊಟ್ಟು ಒಂದು ಭಾಗ ಅಂದಿದ್ದರೆ ಸಭೆ ಸ್ತೋತ್ರ ಹೇಳುತ್ತಿತ್ತು. ಒಂದು ಭಾಗ ಕೊಟ್ಟು ಪೂರ್ತಿ ಅಂದರು. ಅಲ್ಲೇ ಬಿದ್ದರು.

ಇಲ್ಲಿ ಯಾರಾದರೂ ಕೇಳಬಹುದು: "ಬಾಸ್ಟನ್‌ನಲ್ಲಿ ಕಿರೀಟ ಒಂದೇ, ಅದಕ್ಕೇ ಒಬ್ಬರು ಕದ್ದರೆ ಇನ್ನೊಬ್ಬರಿಗೆ ನಷ್ಟ. ದೇವರ ರಾಜ್ಯದಲ್ಲಿ ಹಾಗಲ್ಲವಲ್ಲ? 2 ತಿಮೊಥೆ 4:8ರ ಪ್ರಕಾರ ನೀತಿಯ ಕಿರೀಟ ಪೌಲನಿಗೆ ಮಾತ್ರ ಅಲ್ಲ, ಕರ್ತನ ಬರೋಣವನ್ನು ಪ್ರೀತಿಸುವ ಎಲ್ಲರಿಗೂ ಇದೆ. ಹಾಗಿದ್ದ ಮೇಲೆ ನಾನು ನನ್ನ ಸಾಕ್ಷಿಗೆ ಸ್ವಲ್ಪ ಉಪ್ಪು ಖಾರ ಸೇರಿಸಿದರೆ ಯಾರ ಗಂಟು ಹೋಗುತ್ತೆ?"

ಯಾರ ಗಂಟು ಹೋಗುತ್ತೆ ಅಂತ ನಾನು ಹೇಳ್ತೀನಿ. ಒಂದು ಕೂಟದಲ್ಲಿ ಒಬ್ಬರು ನಿಂತು, ಪ್ರಾರ್ಥನೆಯಿಂದ ನನ್ನ ಸಕ್ಕರೆ ಕಾಯಿಲೆ ಸಂಪೂರ್ಣ ಹೋಯಿತು ಅಂತ ಸಾಕ್ಷಿ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ದಿನಾ ಬೆಳಿಗ್ಗೆ ಇನ್ಸುಲಿನ್ ತಗೊಳ್ತಿದ್ದ ವಿಷಯ ಮಾತ್ರ ಹೇಳಲಿಲ್ಲ. ಅದನ್ನು ಕೇಳಿದ ಒಬ್ಬ ತಾಯಿ ಮನೆಗೆ ಹೋಗಿ ತಮ್ಮ ಮಾತ್ರೆಗಳನ್ನು ನಿಲ್ಲಿಸಿಬಿಟ್ಟರು. ಕಾಲಿನ ಗಾಯ ಒಣಗಲೇ ಇಲ್ಲ. ಆಸ್ಪತ್ರೆಯಲ್ಲಿ ಬೆರಳು ತೆಗೆದರು. ನಾನು ಅವರ ಹಾಸಿಗೆ ಪಕ್ಕ ಕೂತಾಗ ಆ ತಾಯಿ ಬೆರಳಿಗಾಗಿ ಅಳಲಿಲ್ಲ. "ಅವರಿಗಿದ್ದ ನಂಬಿಕೆ ನನಗಿಲ್ಲ ಅಯ್ಯಾ, ಕರ್ತರು ನನ್ನನ್ನ ನೋಡಲಿಲ್ಲ" ಅಂತ ಅತ್ತರು.

ಕೇಳಿಸಿಕೊಳ್ಳಿ. ಆ ತಾಯಿ 42 ಕಿಲೋಮೀಟರನ್ನೂ ಓಡಿದವರು. ವಿಧವೆಯಾಗಿ ಮಕ್ಕಳನ್ನು ಬೆಳೆಸಿದವರು, ಆರಾಧನೆಗೆ ಮೊದಲೇ ಬಂದು ಕಸ ಗುಡಿಸಿ ಜಮಖಾನೆ ಹಾಸಿದವರು. ಓಡದ ಒಂದು ಸಾಕ್ಷಿಯ ಮುಂದೆ ಅವರಿಗೆ ತಮ್ಮ ಓಟವೇ ಸೋಲಿನಂತೆ ಕಾಣಿಸಿತು. ಸುಳ್ಳು ಸಾಕ್ಷಿ ಕದಿಯೋದು ಇದನ್ನ. ಪರಲೋಕದ ಕಿರೀಟವನ್ನು ಕದಿಯೋಕೆ ಯಾರಿಗೂ ಆಗಲ್ಲ. ಪ್ರಾಮಾಣಿಕವಾಗಿ ಓಡ್ತಾ ಇರುವವರ ಧೈರ್ಯವನ್ನು ಕದಿಯಬಹುದು. ದೇವರು ಸ್ವಸ್ಥಮಾಡುತ್ತಾರೆ, ನಾನು ನಂಬುತ್ತೇನೆ, ನೀವೂ ನಂಬುತ್ತೀರಿ. ಆದರೆ ಆತನ ಮಹಿಮೆಗೆ ನಮ್ಮ ಸುಳ್ಳಿನ ಸಹಾಯ ಬೇಕಾಗಿಲ್ಲ. ಒಂದು ಮಾತು: ಡಾಕ್ಟರು ಹೇಳದೆ ಯಾರೂ ಮಾತ್ರೆ ಬಿಡಬೇಡಿ.

ಬಾಸ್ಟನ್ ಓಟದಲ್ಲಿ ಇನ್ನೊಂದು ವರ್ಷ ಇದೆ, 2013. ಗುರಿಯ ಗೆರೆಯ ಹತ್ತಿರ ಎರಡು ಬಾಂಬ್ ಸ್ಫೋಟವಾದವು. ಮೂವರು ಸತ್ತರು, ನೂರಾರು ಜನ ಗಾಯಗೊಂಡರು. ಇನ್ನೂ ದಾರಿಯಲ್ಲಿದ್ದ 5,000ಕ್ಕೂ ಹೆಚ್ಚು ಓಟಗಾರರನ್ನು ಅಲ್ಲಲ್ಲೇ ನಿಲ್ಲಿಸಿದರು. ಅವರು ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದರು, ಗುಡ್ಡ ಹತ್ತಿದ್ದರು, ಗುರಿ ಮುಟ್ಟಲಿಲ್ಲ. ನಡೆಸುವವರು ಏನು ಮಾಡಿದರು ಗೊತ್ತಾ? ಅರ್ಧ ದಾರಿ ದಾಟಿ ನಿಂತುಹೋದವರಿಗೆ ಮುಂದಿನ ವರ್ಷ ಬಂದು ಓಡಿ ಅಂತ ಅವಕಾಶ ಕೊಟ್ಟರು. "ನಾನು ಮುಗಿಸಿದೆ" ಅಂತ ಅವರು ಹೇಳಬೇಕಾಗಿರಲಿಲ್ಲ. ಎಷ್ಟು ದೂರ ಓಡಿದ್ದರೋ ಅಷ್ಟು ಸತ್ಯವೇ ಸಾಕಾಯಿತು.

ನಮ್ಮ ಸಭೆಯಲ್ಲೂ ಅರ್ಧ ದಾರಿಯಲ್ಲಿ ನಿಂತವರಿದ್ದಾರೆ. ಕಾಯಿಲೆ ವಾಸಿಯಾಗಿಲ್ಲ. ಮಗ ಇನ್ನೂ ಕುಡಿಯೋದು ಬಿಟ್ಟಿಲ್ಲ. ಉಪವಾಸ ಮೂರೇ ದಿನಕ್ಕೆ ನಿಂತಿತು. ಸಾಕ್ಷಿಯ ಸಮಯದಲ್ಲಿ ನೀವು ತಲೆ ತಗ್ಗಿಸಿ ಕೂರ್ತೀರಿ, ಅಥವಾ ಮೂರನ್ನು ಏಳು ಅಂತ ಹೇಳೋ ಶೋಧನೆ ಬರುತ್ತೆ. ಬೇಡ. ಮೂರು ದಿನವನ್ನು ಮೂರು ಅಂತಲೇ ಹೇಳಿ. "ಇನ್ನೂ ವಾಸಿಯಾಗಿಲ್ಲ, ಆದ್ರೂ ಹಿಡ್ಕೊಂಡಿದ್ದೀನಿ" ಅಂತ ಹೇಳಿ. ಅದೂ ಸಾಕ್ಷಿಯೇ. ಅದನ್ನು ಕೇಳಿ ಇನ್ನೊಬ್ಬ ದಣಿದವನು ಒಂದು ಹೆಜ್ಜೆ ಮುಂದೆ ಇಡ್ತಾನೆ.

ಬೆಳಿಗ್ಗೆಯಿಂದ ದುಡಿಯುತ್ತಿರುವ ಹಿರಿಯರೇ, ನಿಮಗೂ ಒಂದು ಮಾತು. ಕಡೇ ತಾಸಿನಲ್ಲಿ ಬಂದವನನ್ನು ನೋಡಿ ಗೊಣಗಬೇಡಿ. ಅವನು ನಿಮ್ಮ ಕೂಲಿಯಲ್ಲಿ ಒಂದು ಕಾಸನ್ನೂ ತೆಗೆದುಕೊಂಡಿಲ್ಲ. ಹಾಗೆಯೇ ರೂಯಿಸ್ ಅವರ ಮೇಲೆ ಕಲ್ಲೆತ್ತೋ ಕೆಲಸವೂ ನಮಗೆ ಬೇಡ. ಅವರು 2019ರಲ್ಲಿ ತೀರಿಕೊಂಡರು. ಲೆಕ್ಕ ನೋಡುವವರು ಬೇರೆ ಇದ್ದಾರೆ. ನಮ್ಮ ನಮ್ಮ ನಾಲಿಗೆಯನ್ನು ನಾವು ನೋಡಿಕೊಳ್ಳೋಣ.

ಎದ್ದು ನಿಲ್ಲೋಣ. ಕಣ್ಣು ಮುಚ್ಚಿ ಪ್ರಾರ್ಥಿಸೋಣ. ತಂದೆಯೇ, ನಾವು ಎಲ್ಲಿ ಸೇರಿದೆವು, ಎಷ್ಟು ಓಡಿದೆವು, ಎಲ್ಲಿ ಕೂತುಬಿಟ್ಟೆವು, ಎಲ್ಲಾ ನಿಮಗೆ ಗೊತ್ತು. ತಡವಾಗಿ ಬಂದವರನ್ನು ತಳ್ಳದ ನಿಮ್ಮ ಕೃಪೆಗೆ ಸ್ತೋತ್ರ. ಸತ್ಯವಾದ ಬಾಯಿಯನ್ನು ನಮಗೆ ಕೊಡಿ. ನಮ್ಮ ಮಾತಿನಿಂದ ಮನಸ್ಸು ಮುರಿದವರಿದ್ದರೆ ಅವರನ್ನು ನೀವೇ ಎತ್ತಿ ನಿಲ್ಲಿಸಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.