ಸಲಹೆ ಕೊಡುವವನ ಪಾಲು

ಭಾನುವಾರ ಬೆಳಗಿನ ತಿಂಡಿಗೆ ಡೊಂಬಿವಲಿ ಪೂರ್ವದ ಒಂದು ಹೋಟೆಲಿಗೆ ಹೋಗುವುದು ನಮ್ಮ ಮನೆಯ ಹಳೆಯ ರೂಢಿ. ಗಲ್ಲಾದಲ್ಲಿ ಕೂರುವವರು ಕುಂದಾಪುರದ ಕಡೆಯವರು. ಹದಿಮೂರನೇ ವಯಸ್ಸಿಗೆ ಮುಂಬಯಿಗೆ ಬಂದು, ಹಗಲು ಮೇಜು ಒರೆಸಿ, ರಾತ್ರಿ ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಹತ್ತನೇ ಕ್ಲಾಸು ಮುಗಿಸಿದವರು. ಒಂದು ದಿನ ಬಿಲ್ಲು ಕೊಡಲು ಹೋದಾಗ ನನ್ನ ಕೈ ಹಿಡಿದು ನಿಲ್ಲಿಸಿದರು.

"ಮಗಳು ಹನ್ನೆರಡನೇ ಕ್ಲಾಸು. ಇಂಜಿನಿಯರಿಂಗ್ ಬೇಡ, ಬಿ.ಎಸ್ಸಿ. ಗಣಿತ ಮಾಡ್ತೇನೆ ಅಂತ ಹಟ. ಬರೀ ಲೆಕ್ಕ ಕಲಿತು ಏನು ಮಾಡ್ಲಿಕ್ಕುಂಟು? ನೀವು ಎಂ.ಟೆಕ್. ಮಾಡಿದವರು, ಸ್ವಲ್ಪ ಬುದ್ಧಿ ಹೇಳಿ ಮಾರಾಯ್ರೆ."

ಹುಡುಗಿ ಬಂದು ಕೂತಳು. ವಾದ ಮಾಡಲಿಲ್ಲ. ಬಿಲ್ಲಿನ ಹಿಂಬದಿಯಲ್ಲಿ 3524 ಎಂದು ಬರೆದಳು. ಅಂಕೆಗಳನ್ನು ಇಳಿಕೆಯಲ್ಲಿ ಜೋಡಿಸಿದರೆ 5432, ಏರಿಕೆಯಲ್ಲಿ 2345. ಕಳೆದರೆ 3087. ಅದಕ್ಕೂ ಹಾಗೇ ಮಾಡಿದರೆ 8352. ಇನ್ನೊಮ್ಮೆ ಮಾಡಿದರೆ 6174. ಆಮೇಲೆ ಎಷ್ಟು ಸಲ ಮಾಡಿದರೂ 6174. ನಾಲ್ಕೂ ಅಂಕೆ ಒಂದೇ ಆಗಿರದ ಯಾವ ನಾಲ್ಕಂಕಿಯ ಸಂಖ್ಯೆಯಾದರೂ ಏಳು ಹೆಜ್ಜೆಯೊಳಗೆ ಇಲ್ಲಿಗೇ ಬಂದು ನಿಲ್ಲುತ್ತದೆ. ಅವಳ ಅಪ್ಪ ಪ್ರತಿಯೊಂದು ಕಳೆಯುವ ಲೆಕ್ಕವನ್ನೂ ಬಾಯಲ್ಲೇ ಮಾಡಿ ಅವಳಿಗಿಂತ ಮೊದಲು ಉತ್ತರ ಹೇಳಿದರು. "ಸರಿ ಉಂಟು" ಎಂದರು. ಅವಳು, "ಸರಿ ಇದೆ ಅಪ್ಪ, ಆದರೆ ಯಾಕೆ?" ಎಂದಳು.

ಅಪ್ಪನಿಗೂ ಮಗಳಿಗೂ ಇರುವ ವ್ಯತ್ಯಾಸ ಆ ಒಂದು ಮಾತಿನಲ್ಲಿತ್ತು. ಹನ್ನೆರಡನೇ ಶತಮಾನದಲ್ಲಿ ಕನ್ನಡದಲ್ಲಿ ಗಣಿತ ಬರೆದ ರಾಜಾದಿತ್ಯನ ಪುಸ್ತಕದ ಹೆಸರು 'ವ್ಯವಹಾರಗಣಿತ'. ಅಪ್ಪನದು ಆ ಗಣಿತ. ಅದರಿಂದಲೇ ಸಂಸಾರ ನಡೆದಿದೆ. ಮಗಳಿಗೆ ಬೇಕಾದದ್ದು ಅದರಾಚೆಯದು. 6174ರ ಗುಟ್ಟನ್ನು ಕಂಡವರು ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್. 1905ರಲ್ಲಿ ಇಲ್ಲೇ ಡಹಾಣೂವಿನಲ್ಲಿ ಹುಟ್ಟಿ, ದೇವಳಾಲಿಯಲ್ಲಿ ಶಾಲಾ ಮಾಸ್ತರಿಕೆ ಮಾಡಿಕೊಂಡಿದ್ದವರು. ಸ್ನಾತಕೋತ್ತರ ಪದವಿಯೂ ಇರಲಿಲ್ಲ.

ನಾನು ಬುದ್ಧಿ ಹೇಳುವ ಮೊದಲೇ ಅವಳು ಕೇಳಿದಳು: "ಅಂಕಲ್, ನಿಮಗೂ ಗಣಿತ ಇಷ್ಟ ಇತ್ತಂತೆ. ಬಿಟ್ಟಿದ್ದಕ್ಕೆ ಬೇಜಾರಿದೆಯಾ?"

"ಇಲ್ಲಪ್ಪ" ಎಂದುಬಿಟ್ಟೆ. ಸುಳ್ಳು. ಆದರೆ "ಇದೆ" ಎಂದಿದ್ದರೂ ಪೂರಾ ನಿಜವಾಗುತ್ತಿರಲಿಲ್ಲ.

ಸೋಮವಾರ ಕಾಂಜೂರ್‌ಮಾರ್ಗ್‌ವರೆಗಿನ ಲೋಕಲ್ಲಿನಲ್ಲಿ ನಿಂತು ಅದನ್ನೇ ಯೋಚಿಸಿದೆ. ಪಿಯುಸಿ ಮುಗಿದಾಗ ನಮ್ಮ ಗಣಿತದ ಮೇಷ್ಟ್ರು ಬಿ.ಎಸ್ಸಿ.ಗೆ ಸೇರು ಎಂದಿದ್ದರು. ನಾನು ಸಿಕ್ಕ ಇಂಜಿನಿಯರಿಂಗ್ ಸೀಟು ಹಿಡಿದೆ. ಆ ಹಾದಿಯ ಸಂಬಳದಲ್ಲೇ ತಂಗಿಯ ಮದುವೆಯಾಯಿತು, ಅಮ್ಮನ ಆಪರೇಷನ್ ಆಯಿತು. ಅದನ್ನು ತಪ್ಪು ಎನ್ನಲಾರೆ. ಬೇಜಾರು ಇದ್ದ ಮಾತ್ರಕ್ಕೆ ಆಯ್ಕೆ ತಪ್ಪಾಗಿತ್ತು ಎಂದಾಗುವುದಿಲ್ಲ. ನಾವು ಬಾಳಿದ ಬದುಕನ್ನು ಬಾಳದ ಬದುಕಿನ ಜೊತೆ ತೂಗುತ್ತೇವೆ. ಆ ಇನ್ನೊಂದು ಬದುಕಿನಲ್ಲಿ ಯಾವತ್ತೂ ಇಎಂಐ ಇರುವುದಿಲ್ಲ.

ಹಾಗಾದರೆ ನಾನು ಅವಳಿಗೆ ಏನು ಹೇಳಿದರೂ ನನ್ನದೇ ಕಥೆ ಹೇಳಿದಂತಲ್ಲವೇ? ಇಂಜಿನಿಯರಿಂಗ್ ಮಾಡು ಎಂದರೆ ನನ್ನ ಆಯ್ಕೆಗೆ ಅವಳಿಂದ ಸಮರ್ಥನೆ ಪಡೆದ ಹಾಗೆ. ಗಣಿತ ಮಾಡು ಎಂದರೆ ನಾನು ತೀರಿಸದ ಸಾಲವನ್ನು ಅವಳ ಕೈಯಲ್ಲಿ ತೀರಿಸಿದ ಹಾಗೆ. "ನಿನಗೆ ಬಿಟ್ಟದ್ದು" ಎಂದು ಸುಮ್ಮನಾಗೋಣವೆಂದರೆ, ಗೊತ್ತಿದ್ದದ್ದನ್ನು ಹೇಳದೆ ಒಳ್ಳೆಯವನೆನಿಸಿಕೊಳ್ಳುವುದೂ ಒಂದು ಮೋಸವೇ.

ರಾತ್ರಿ ಹೆಂಡತಿಗೆ ಹೇಳಿದೆ, "ಅವಳು ಗಣಿತಾನೇ ಮಾಡಲಿ ಅನ್ನಿಸುತ್ತೆ." ಅವಳು ಚಪಾತಿ ಲಟ್ಟಿಸುತ್ತಲೇ ಕೇಳಿದಳು: "ಓದೋದು ಮುಗಿಯೋ ತನಕ ಅವರ ಮನೇಲಿ ಹೆಚ್ಚುಕಡಿಮೆ ಆದರೆ ನೀವು ಕೊಡ್ತೀರಾ?"

ಉತ್ತರ ಕೊಡಲಾಗಲಿಲ್ಲ. ಆದರೆ ನಾನು ಹುಡುಕುತ್ತಿದ್ದ ಅಳತೆಗೋಲು ಸಿಕ್ಕಿತು. ಆಫೀಸಿನಲ್ಲಿ ಪ್ರತಿ ಪ್ರಾಜೆಕ್ಟಿನ ಮೊದಲ ದಿನವೇ ಕೇಳುತ್ತೇವೆ: ಈ ರಿಸ್ಕ್ ಯಾರದು? ಗಣಿತದ ಪದವಿಗೆ ಶುಲ್ಕ ಹೆಚ್ಚೇನಲ್ಲ. ನಿಜವಾದ ಖರ್ಚು ಸಂಬಳವಿಲ್ಲದ ವರ್ಷಗಳದ್ದು. ಅದನ್ನು ಹೊರುವವರು ಗಲ್ಲಾದಲ್ಲಿ ಕೂತವರು. ಬೇರೆಯವರ ಮನೆಯ ಮಕ್ಕಳಿಗೆ ಧೈರ್ಯ ಹೇಳುವುದು ನಮ್ಮಂಥವರಿಗೆ ಬಲು ಸುಲಭ. ಹಾಗೆ ಹೇಳುವವನು ಅದರ ಬೆಲೆಯಲ್ಲಿ ತನ್ನ ಪಾಲೆಷ್ಟು ಎಂದು ಮೊದಲೇ ಹೇಳಬೇಕು.

ಆ ವಾರ ಕೂತು ಒಂದು ಹಾಳೆಯಲ್ಲಿ ಬರೆದೆ. ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್ಸಿ. ಮೂರು ವರ್ಷ, ಆನರ್ಸ್ ಬೇಕಿದ್ದರೆ ನಾಲ್ಕನೆಯದು. ಕಲೀನಾ ಕ್ಯಾಂಪಸ್ಸಿನಲ್ಲೇ ಇರುವ ಸಿಬಿಎಸ್‌ನಲ್ಲಿ ಐದು ವರ್ಷದ ಎಂ.ಎಸ್ಸಿ., ಅದಕ್ಕೆ ನೆಸ್ಟ್ ಪರೀಕ್ಷೆ. ನಾನು ದಿನಾ ಹಾದುಹೋಗುವ ಪೊವಾಯಿ ಐಐಟಿಯಲ್ಲಿ ನಾಲ್ಕು ವರ್ಷದ ಬಿ.ಎಸ್., ಅದಕ್ಕೆ ಜೆಇಇ ಅಡ್ವಾನ್ಸ್ಡ್. ಬೆಂಗಳೂರಿನ ಐಎಸ್‌ಐನಲ್ಲಿ ಬಿ.ಮ್ಯಾಥ್., ಅದರದೇ ಪ್ರವೇಶ ಪರೀಕ್ಷೆ. ಆಯ್ಕೆಯಾದರೆ ಬೋಧನಾ ಶುಲ್ಕವಿಲ್ಲ, ತಿಂಗಳಿಗಿಷ್ಟು ವಿದ್ಯಾರ್ಥಿವೇತನವೂ ಇದೆ. ಚೆನ್ನೈನ ಸಿಎಂಐನಲ್ಲಿ ಗಣಿತದ ಜೊತೆ ಕಂಪ್ಯೂಟರ್ ವಿಜ್ಞಾನ. ಹನ್ನೆರಡನೇ ಕ್ಲಾಸಿನಲ್ಲಿ ಗಣಿತವಿಲ್ಲದಿದ್ದರೆ ಇವುಗಳಲ್ಲಿ ಕೆಲವು ಇಲ್ಲ. ಮುಂದೆ ಕೊಲಾಬಾದ ಟಿಐಎಫ್‌ಆರ್‌ನಂಥ ಕಡೆ ಪಿಎಚ್.ಡಿ.ಗೆ ಸೇರಿದರೆ ಫೆಲೋಶಿಪ್ ಸಿಗುತ್ತದೆ, ಆದರೆ ಸೀಟು ಕೆಲವೇ ಕೆಲವು. ಬಿ.ಎಸ್ಸಿ. ಆದಮೇಲೆ ಎಂಸಿಎ, ಸಂಖ್ಯಾಶಾಸ್ತ್ರ, ಬಿ.ಎಡ್.ಗೆ ದಾರಿ ಉಂಟು. ಅತ್ತ, ಇಂಜಿನಿಯರಿಂಗ್ ಮಾಡಿದವರೂ ಟಿಐಎಫ್‌ಆರ್ ಪರೀಕ್ಷೆ ಬರೆದು ಗಣಿತಕ್ಕೆ ಮರಳಬಹುದು, ಬಾಗಿಲು ಮುಚ್ಚಿಲ್ಲ. ನಾನು ಮರಳಲಿಲ್ಲ, ಅಷ್ಟೆ.

ಭಾನುವಾರ ಅಪ್ಪ-ಮಗಳನ್ನು ಒಟ್ಟಿಗೇ ಕೂರಿಸಿಕೊಂಡು ಹಾಳೆ ಓದಿದೆ. ಸಂಬಳವಿಲ್ಲದ ವರ್ಷಗಳನ್ನೂ ಮುಚ್ಚಿಡದೆ ಹೇಳಿದೆ. ಮೊದಲು ನನ್ನ "ಇಲ್ಲಪ್ಪ"ವನ್ನು ತಿದ್ದಿಕೊಂಡೆ: "ಬೇಜಾರಿದೆ. ಆದರೆ ಅದು ನನ್ನದು, ಅದನ್ನು ನೋಡಿ ನೀನು ನಿರ್ಧಾರ ಮಾಡಬೇಡ." ಕೊನೆಗೆ, ಹೆಂಡತಿಯನ್ನು ಕೇಳಿಕೊಂಡೇ, ಒಂದು ಮಾತು ಸೇರಿಸಿದೆ: ಎಂ.ಎಸ್ಸಿ.ಯ ಎರಡು ವರ್ಷ ಕಷ್ಟವಾದರೆ ಅವಳ ಹಾಸ್ಟೆಲ್ಲಿನ ಖರ್ಚು ನಮ್ಮದು. ಅದಕ್ಕಿಂತ ಹೆಚ್ಚು ನನ್ನಿಂದಾಗದು.

ಅವರು ಬಹಳ ಹೊತ್ತು ಮಾತಾಡಲಿಲ್ಲ. ಗಿರಾಕಿಯೊಬ್ಬರಿಗೆ ಚಿಲ್ಲರೆ ಎಣಿಸಿ ಕೊಟ್ಟರು. ಆಮೇಲೆ ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡು ಕೇಳಿದರು: "ಬೆಂಗಳೂರಿನದ್ದು ಪರೀಕ್ಷೆ ಯಾವಾಗ?"