ಮರಿಯ ಮರಣ, ಗೃಹಸ್ಥನ ಕಾಯಕ

ಐದು ತಿಂಗಳು ಗರ್ಭದಲ್ಲಿ ಬೆಳೆದ ಮೇಕೆಮರಿಯು ಹುಟ್ಟಿದ ರಾತ್ರಿಯೇ ಅಸುನೀಗಿದರೆ ಬಡ ಗೃಹಸ್ಥನ ಮನವು ಕುಗ್ಗುವುದು ಸಹಜ. ಇದು ಶಿವನಿಚ್ಛೆಯೆಂದು ಆತನು ಸಮಾಧಾನ ತಾಳಬಹುದೇ?

ತಾಳಬಹುದು, ಆದರೆ ಕೈಯ ಕೆಲಸವು ಮುಗಿದ ಮೇಲೆ. ಒದ್ದೆಮೈಯ ಎಳೆಮರಿಗೆ ಚಳಿಯೇ ಮೃತ್ಯು. ಮೈಯೊರಸಿ, ಒಣಹುಲ್ಲಿನ ಮೇಲೆ ಬೆಚ್ಚಗಿರಿಸಿ, ಮೊದಲ 1-2 ಗಂಟೆಗಳೊಳಗೆ ಗಿಣ್ಣುಹಾಲು ಕುಡಿಸಬೇಕು; ರೋಗ ತಡೆಯುವ ಬಲವು ಮರಿಗೆ ಅದರಿಂದಲೇ ಬರುವುದು. ಇದನ್ನು ಬಿಟ್ಟು ಶಿವನ ಹೆಸರೆತ್ತುವುದು ಭಕ್ತಿಯಲ್ಲ, ಆಲಸ್ಯ. ಎಲ್ಲವನ್ನು ಮಾಡಿಯೂ ಮರಿಯು ಉಳಿಯದಿದ್ದರೆ ತನ್ನನ್ನು ತಾನೇ ಹಳಿದುಕೊಳ್ಳುವುದೂ ಸಲ್ಲದು. ಪಾಲನೆ ಆತನ ಕಾಯಕ, ಪ್ರಾಣವು ಆತನ ಸೊತ್ತಲ್ಲ.

12ನೆಯ ಶತಮಾನದ ಶರಣ ತುರುಗಾಹಿ ರಾಮಣ್ಣನವರಿಗೆ ದನ ಕಾಯುವುದೇ ಕಾಯಕವಾಗಿದ್ದಿತು. ಮೂಕಪ್ರಾಣಿಗಾಗಿ ಸುರಿದ ಕಣ್ಣೀರು ಅಜ್ಞಾನವಲ್ಲ, ದಯೆಯ ಕುರುಹು. ಕೊಟ್ಟಿಗೆಯಲ್ಲಿ ಕೆಚ್ಚಲು ಬಿಗಿದು ಕೂಗುವ ತಾಯಿಮೇಕೆ ಇನ್ನೂ ಇದೆ. ಅದರ ನೋವನ್ನಿಳಿಸುವುದೇ ಶೋಕಕ್ಕೆ ತಕ್ಕ ಮದ್ದು.